ಝಾಡಿಸಿದ ಉಡಿ

ಮೆಣಸಿನಕಾಯಿ ತಣ್ಣಗೆ ನಾರಿದರೆ ನಾನು ಇವತ್ತಿಗೂ ಸೆರಗಿನಿಂದ ಮೂಗು ಮುಚ್ಚಿಕೊಳ್ಳುತ್ತೇನೆ. ಬಿಸಿಲಿಗೆ ಒಣಗಿದ ಕಾಯಿಯ ಘಾಟು ಬೇರೆ. ಅದು ಮೂಗಿಗೆ ಹೊಡೆಯುತ್ತದೆ, ಸೀನು ತರಿಸುತ್ತದೆ, ಅಲ್ಲಿಗೆ ಮುಗಿಯಿತು. ತಂಪಿನಲ್ಲಿ ಇಟ್ಟ ಕಾಯಿಯ ವಾಸನೆ ಒದ್ದೆ ಗೋಣಿಚೀಲದ ಹಾಗೆ ಗಂಟಲಲ್ಲಿ ಕೂತುಬಿಡುತ್ತದೆ. ಹೋದ ತಿಂಗಳು ರಾಣೆಬೆನ್ನೂರಿನ ಮಗಳ ಮನೆಯಿಂದ ಒಂದು ಮದುವೆಗೆ ಬ್ಯಾಡಗಿಗೆ ಹೋಗಿದ್ದೆ. ಆಟೋದವನು ಸ್ಟೇಷನ್ ಕಡೆಯ ಹಳೇ ಕೋಲ್ಡ್ ಸ್ಟೋರೇಜಿನ ಮುಂದೆ ಹಾಯಿಸಿದ. ಲಾರಿಯೊಂದು ಅಡ್ಡ ನಿಂತಿತ್ತು, ದೊಡ್ಡ ಬಾಗಿಲು ತೆರೆದಿತ್ತು. ಅದೇ ವಾಸನೆ ಬಂತು. ಬಾಗಿಲ ಬುಡದಲ್ಲಿ ಎರಡು ನಾಯಿಗಳು ಹೊಟ್ಟೆಯನ್ನು ನೆಲಕ್ಕೆ ಹಚ್ಚಿಕೊಂಡು ಮಲಗಿದ್ದವು. ಆಗಿನ ನಾಯಿಗಳ ಮೊಮ್ಮಕ್ಕಳ ಮೊಮ್ಮಕ್ಕಳು ಇರಬೇಕು. ಅವಕ್ಕೂ ಆ ಜಾಗ ಗೊತ್ತು. ನನಗೆ ಮದುವೆಯ ಊಟ ಸೇರಲಿಲ್ಲ.

ನಾನು ಹೇಳುವುದು ಹಾವೇರಿ ಇನ್ನೂ ಜಿಲ್ಲೆ ಆಗಿರದ ಕಾಲದ ಮಾತು. ರೈಲು ಸಣ್ಣ ಹಳಿಯ ಮೇಲೆ ಓಡುತ್ತಿತ್ತು. ವರ್ಷ ಯಾವುದು ಎಂದು ಕೇಳಿದರೆ ಹೇಳಲಾರೆ, ನನ್ನ ಅಕ್ಷರ ಬಸ್ಸಿನ ಬೋರ್ಡು ಓದುವಷ್ಟರದು. ಆದರೆ ಸುಗ್ಗಿ ನೆನಪಿದೆ. ಆ ವರ್ಷ ಮೆಣಸಿನಕಾಯಿ ಹಾಗೆ ಬಂದಿತ್ತು. ಸಂಕ್ರಾಂತಿ ದಾಟುವುದರೊಳಗೆ ಬಜಾರದಲ್ಲಿ ಕಾಲಿಡಲು ಜಾಗವಿರಲಿಲ್ಲ. ಬಂಡಿಯ ಗಾಲಿಗೂ ಕೆಂಪು, ಎತ್ತಿನ ಗೊರಸಿಗೂ ಕೆಂಪು.

ನಮ್ಮ ಕೆಲಸ ತುಂಬು ಬಿಡಿಸುವುದು. ತುಂಬು ಎಂದರೆ ಕಾಯಿಯ ತೊಟ್ಟು. ಹೆಂಗಸರು ಸಾಲಾಗಿ ಕೂತು ಒಂದೊಂದೇ ಕಾಯಿಯ ತೊಟ್ಟು ಮುರಿದು ಕಾಯಿ ಒಂದು ಕಡೆ, ತೊಟ್ಟು ಒಂದು ಕಡೆ ಎಸೆಯಬೇಕು. ಬೆರಳು ಉರಿಯುತ್ತವೆ. ಆ ಕೈಯಿಂದ ಕೂಸಿಗೆ ಹಾಲು ಕೊಡುವ ಹಾಗಿಲ್ಲ, ಕಣ್ಣು ಒರೆಸಿಕೊಳ್ಳುವ ಹಾಗಿಲ್ಲ. ಅಳು ಬಂದರೂ ಮೊಣಕೈಯಿಂದಲೇ ಒರೆಸಿಕೊಳ್ಳಬೇಕು. ಸಂಜೆ ಏಳುವಾಗ ಒಡೆದ ಕಾಯಿ, ಮುರಿದ ಕಾಯಿ ಎಷ್ಟು ಉಡಿಯಲ್ಲಿ ಹಿಡಿಯುತ್ತದೋ ಅಷ್ಟು ನಮ್ಮದು. ಅದಕ್ಕೆ ಉಡಿಗಾಯಿ ಎನ್ನುತ್ತಿದ್ದೆವು. ದೊಡ್ಡ ಸಾಹುಕಾರ ತಾನೇ ಬಾಗಿಲಲ್ಲಿ ನಿಂತು, ಸೆರಗು ಗಟ್ಟಿ ಕಟ್ಟಿಕೊಳ್ರೆವ್ವಾ, ದಾರೀಲಿ ಚೆಲ್ಲಬೇಡಿ ಎನ್ನುತ್ತಿದ್ದ. ಅವನು ಸತ್ತ, ಅವನ ಮಗ ಗಾದಿಗೆ ಕೂತ. ಮಗ ಬಂದವನೇ ಉಡಿಗಾಯಿ ಬಂದ್ ಮಾಡಿದ. ಅದಕ್ಕೂ ನಾವು ಬೈದು ಸುಮ್ಮನಾಗುತ್ತಿದ್ದೆವೋ ಏನೋ. ಆದರೆ ಗೇಟಿನಲ್ಲಿ ಫಕ್ಕೀರಪ್ಪ ಎಂಬವನನ್ನು ನಿಲ್ಲಿಸಿದ. ಹೊರಗೆ ಹೋಗುವ ಪ್ರತಿ ಹೆಂಗಸೂ ಅವನ ಮುಂದೆ ನಿಂತು ಉಡಿ ಬಿಚ್ಚಿ ಝಾಡಿಸಿ ತೋರಿಸಬೇಕು.

ನಮ್ಮಲ್ಲಿ ಹೆಣ್ಣುಮಗಳಿಗೆ ಉಡಿ ತುಂಬುತ್ತಾರೆ. ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಎಲೆ ಅಡಿಕೆ, ಮೇಲೊಂದು ಕುಪ್ಪಸದ ಖಣ. ಮದುವೆಯಲ್ಲಿ ತುಂಬುತ್ತಾರೆ, ಬಸುರಿಗೆ ತುಂಬುತ್ತಾರೆ, ನಾಗರ ಪಂಚಮಿಗೆ ತವರಿನವರು ತುಂಬುತ್ತಾರೆ. ಗಂಡಸೊಬ್ಬನ ಮುಂದೆ ನಿಂತು ಝಾಡಿಸುವುದನ್ನು ನಾವು ಕೇಳಿಯೂ ಇರಲಿಲ್ಲ. ಮೊದಲ ದಿನ ಒಬ್ಬ ಹೊಸ ಮದುವಣಗಿತ್ತಿ ಝಾಡಿಸಿದಳು, ಅವಳ ಉಡಿಯಿಂದ ಅರಿಸಿನದ ಕೊಂಬು ಬಿತ್ತು. ಫಕ್ಕೀರಪ್ಪ ಅದನ್ನು ಕಾಲಿನಿಂದ ಹೊರಳಿಸಿ ನೋಡಿದ. ಮರುದಿನ ನಾವು ಯಾರೂ ಕೆಲಸಕ್ಕೆ ಕೂರಲಿಲ್ಲ. ಗೇಟಿನ ಎದುರಿನ ಬೇವಿನ ಮರದ ಕೆಳಗೆ ಕೂತೆವು. ಉಡಿ ಝಾಡಿಸುವ ಈ ಝಡತಿ ನಿಲ್ಲಲಿ, ಅಲ್ಲಿಯವರೆಗೆ ತುಂಬು ಮುಟ್ಟುವುದಿಲ್ಲ ಎಂದೆವು. ಉಡಿಗಾಯಿಯನ್ನೂ ಕೇಳಲಿಲ್ಲ.

ಮುಂದೆ ಕೂತವರು ನಾನು ಮತ್ತು ಖೈರುನಬಿ. ಅವಳ ಮನೆ ನನ್ನ ಮನೆಯ ಗೋಡೆಗೇ ಹತ್ತಿದ್ದು. ಬಾಯಿ ಜೋರು, ಕೈ ಅದಕ್ಕಿಂತ ಜೋರು. ಎರಡು ದಿನ ಕಳೆದ ಮೇಲೆ ಹೆಂಗಸರು ಗೇಟು ಮುರಿಯೋಣ, ಫಕ್ಕೀರಪ್ಪನಿಗೆ ಮೆಣಸಿನ ಪುಡಿ ಎರಚೋಣ ಎಂದು ಎದ್ದರು. ಬೇಡ ಎಂದವನು ನನ್ನ ತಮ್ಮ.

ನನ್ನ ತಮ್ಮ ಚನ್ನಬಸಪ್ಪ. ತವರು ಗುತ್ತಲದ ಹತ್ತಿರ. ಅವ್ವ ಸತ್ತಾಗ ಅವನಿಗಿನ್ನೂ ಹಾಲುಹಲ್ಲು ಬಿದ್ದಿರಲಿಲ್ಲ. ಅವನ ಕುಂಡಿ ತೊಳೆದವಳು ನಾನು. ಮಿಲಿಟರಿಗೆ ಸೇರಲು ಹೊರಟಾಗ ರೊಟ್ಟಿ ಕಟ್ಟಿಕೊಟ್ಟವಳೂ ನಾನೇ. ಹವಾಲ್ದಾರ ಆಗಿ, ಒಂದು ಕಾಲು ಸೊಟ್ಟ ಮಾಡಿಕೊಂಡು ಆ ವರ್ಷವೇ ತಿರುಗಿ ಬಂದಿದ್ದ. ನಮ್ಮ ಓಣಿಯಲ್ಲೇ ಒಂದು ಖೋಲಿ ಹಿಡಿದಿದ್ದ. ಕೆಲಸವಿಲ್ಲ. ಬೆಳಿಗ್ಗೆ ಎದ್ದು ಬೂಟಿಗೆ ಪಾಲಿಶ್ ಹಚ್ಚುತ್ತಿದ್ದ, ಹಾಕಿಕೊಂಡು ಹೋಗಲು ಜಾಗವಿರಲಿಲ್ಲ. ನಮ್ಮ ಮುಷ್ಕರ ಅವನಿಗೆ ಹಬ್ಬದ ಹಾಗೆ ಬಂತು.

ಬೇವಿನ ಮರದ ಕೆಳಗೆ ನಿಂತು ಹೆಂಗಸರಿಗೆ ಯುದ್ಧದ ಮಾತು ಹೇಳಿದ. ಎಲ್ಲೋ ಹಿಮದ ಗುಡ್ಡದಲ್ಲಿ ಶತ್ರುಗಳು ಮೇಲೆ ಕೂತಿದ್ದರಂತೆ. ಇವರ ಸಾಹೇಬ ಏರಿ ಹೋಗಲಿಲ್ಲ, ಗುಂಡನ್ನೂ ಹೆಚ್ಚು ಹಾರಿಸಲಿಲ್ಲ. ಅವರಿಗೆ ಕಾಳು, ಸೀಮೆಎಣ್ಣೆ ಬರುವ ಹಾದಿ ಹಿಡಿದು ಕೂತನಂತೆ. ದಿನಾ ಸ್ವಲ್ಪ, ದಿನಾ ಸ್ವಲ್ಪ. ಮೇಲಿನವರ ಕೈಕಾಲು ಮರಗಟ್ಟಿ, ಜಗಳ ಹತ್ತಿ, ಕಡೆಗೆ ತಾವೇ ಇಳಿದು ಬಂದರಂತೆ.

“ಇದು ಸವಸೋ ಲಡಾಯಿ. ಬಡದಾಡಬ್ಯಾಡ್ರಿ, ಬಡದಾಡಿದ್ರ ಪೊಲೀಸ್ರು ಬರ್ತಾರ. ಅವರ ಹೊಟ್ಟಿ ಎಲ್ಲೈತಿ ನೋಡ್ರಿ. ಅಲ್ಲಿ ಸವಸ್ರಿ” ಎಂದ.

ಖೈರುನಬಿ, ಒನಕೆ ಸವೆದರೆ ಒರಳೂ ಸವೆಯುತ್ತದಲ್ಲೋ ಹವಾಲ್ದಾರ ಎಂದಳು. ಎಲ್ಲರೂ ನಕ್ಕರು. ಅವನೂ ನಕ್ಕ. ಯಾರು ಮೊದಲು ಸವೆಯುತ್ತಾರೆ ಅನ್ನುವುದೇ ಲೆಕ್ಕ ಎಂದ.

ಸಾಹುಕಾರನ ಹೊಟ್ಟೆ ಎಲ್ಲಿದೆ ಎಂಬುದು ನಮಗೆ ಹೇಳಿಕೊಡಬೇಕಾಗಿರಲಿಲ್ಲ. ಬ್ಯಾಡಗಿ ಕಾಯಿಗೆ ಬೆಲೆ ಬರುವುದು ಖಾರಕ್ಕಲ್ಲ, ಬಣ್ಣಕ್ಕೆ. ಬಿಸಿಲು ಏರಿದ ಹಾಗೆ ಕೂಡಿಟ್ಟ ಕಾಯಿಯ ಬಣ್ಣ ಇಳಿಯುತ್ತದೆ. ಹೋಳಿಗೆ ಕಂದು, ಯುಗಾದಿಗೆ ಬಿಳಿಚು. ತುಂಬು ಬಿಡಿಸದ ಕಾಯಿಯನ್ನು ದೂರದ ವ್ಯಾಪಾರಿ ಒಯ್ಯುವುದಿಲ್ಲ. ಅಂದರೆ ಸೂರ್ಯ ನಮ್ಮ ಕಡೆ ಇದ್ದಾನೆ, ನಾವು ಸುಮ್ಮನೆ ಕೂತರೆ ಸಾಕು. ತಮ್ಮನ ಮಾತು ನಮಗೆ ಹಿಡಿಸಿತು. ಕೂರುವುದೇ ಯುದ್ಧವಾದರೆ ನಮ್ಮಂಥ ಸಿಪಾಯಿಗಳು ಎಲ್ಲಿ ಸಿಗಬೇಕು. ಜನ್ಮವೆಲ್ಲ ಕೂತೇ ಕಳೆದವರು ನಾವು.

ಒಂದೇ ಅಂಜಿಕೆ ಇತ್ತು. ಸ್ಟೇಷನ್ ಕಡೆ ಆ ವರ್ಷ ಕೋಲ್ಡ್ ಸ್ಟೋರೇಜ್ ಎಂಬ ಹೊಸ ಕಟ್ಟಡ ಎದ್ದಿತ್ತು. ಅದರಲ್ಲಿ ಇಟ್ಟರೆ ಕಾಯಿ ಬಣ್ಣ ಬಿಡುವುದಿಲ್ಲ ಎಂದು ಜನ ಆಡಿಕೊಳ್ಳುತ್ತಿದ್ದರು. ಯಂತ್ರ ಬಂದಿದೆಯೋ ಇಲ್ಲವೋ ಯಾರಿಗೂ ಗೊತ್ತಿರಲಿಲ್ಲ. ತಾನು ಹೋಗಿ ನೋಡಿ ಬರುತ್ತೇನೆ, ಇದಕ್ಕೆ ಮಿಲಿಟರಿಯಲ್ಲಿ ಬೇಹು ಎನ್ನುತ್ತಾರೆ ಎಂದ ಚನ್ನ. ಹೋದ. ಬರಲು ತಡವಾಯಿತು. ಬಂದವನು ಮೊದಲು ನೀರು ಕುಡಿದ, ಆಮೇಲೆ, ಬರೀ ಗೋಡೆ ಐತಿ, ಮಶೀನ ಇನ್ನೂ ಬಂದಿಲ್ಲ ಎಂದ. ಆ ರಾತ್ರಿ ನಾನು ಚೆನ್ನಾಗಿ ನಿದ್ದೆ ಮಾಡಿದೆ.

ನಮಗೂ ಹೊಟ್ಟೆ ಇತ್ತು. ನನ್ನ ಗಂಡ ಬಂಡಿ ಹೊಡೆಯುತ್ತಿದ್ದ, ಅವನ ದುಡಿಮೆ ಎತ್ತಿನ ಮೇವಿಗೇ ಸರಿಹೋಗುತ್ತಿತ್ತು. ಮನೆಯಲ್ಲಿ ಎರಡು ಹೆಣ್ಣುಮಕ್ಕಳು. ಖೈರುನಬಿಯೇ ಒಂದು ದಾರಿ ಹುಡುಕಿದಳು. ರಾಣೆಬೆನ್ನೂರಿನ ಸುತ್ತಲ ಹೊಲಗಳಲ್ಲಿ ಬೀಜದ ಕಂಪನಿಗಳಿಗೆಂದು ಟೊಮೆಟೊ, ಬದನೆ ಹೂವುಗಳನ್ನು ಕೈಯಿಂದ ಕೂಡಿಸುವ ಕೆಲಸ. ಒಂದು ಹೂವಿನ ಪುಡಿ ತೆಗೆದು ಇನ್ನೊಂದರ ಮೂತಿಗೆ ಮುಟ್ಟಿಸಬೇಕು. ಅವಳ ತವರಿನ ಕಡೆಯ ಗುತ್ತಿಗೆದಾರನೊಬ್ಬನಿದ್ದ. ಬೆಳಗಿನ ರೈಲಿಗೆ ಅರ್ಧ ಮಂದಿ ಹೋಗುವುದು, ಅರ್ಧ ಮಂದಿ ಮರದ ಕೆಳಗೆ ಕೂರುವುದು, ಮರುದಿನ ಅದಲುಬದಲು. ನಾವು ಬ್ಯಾಡಗಿಯವರೆಂದು ಯಾರಿಗೂ ಹೇಳಬಾರದು. ಹಿಂದಿನ ರಾತ್ರಿ ಔಡಲೆಣ್ಣೆ ಹಚ್ಚಿ, ಮಜ್ಜಿಗೆಯಲ್ಲಿ ಕೈ ಅದ್ದಿ, ಉಗುರು ಸಂದಿಯ ಖಾರ ತೆಗೆಯುತ್ತಿದ್ದೆವು. ಆದರೂ ಹೂವು ಮುಟ್ಟುವಾಗ ಜೀವ ಹೆದರುತ್ತಿತ್ತು. ನಮ್ಮ ಕೈ ತಾಗಿದ ಟೊಮೆಟೊ ಖಾರವಾಗಿ ಹುಟ್ಟುತ್ತದೆ ಎಂದು ಖೈರುನಬಿ ನಗಿಸುತ್ತಿದ್ದಳು.

ಚನ್ನನಿಗೆ ನಾನೇ ಹೇಳಿದೆ. ಹೇಳದೇ ಇರಲು ಅವನೇನು ಹೊರಗಿನವನೇ. ಕೋಟೆಗೆ ಹಿಂದಿನ ಬಾಗಿಲು ಇರಲೇಬೇಕು, ಒಳ್ಳೇದು ಮಾಡೀರಿ ಎಂದ.

ಹೀಗೆ ದಿನ ಹೋದವು. ಸಾಹುಕಾರನ ಅಂಗಳದಲ್ಲಿ ದೊಡ್ಡ ರಾಶಿಯೊಂದು ಬಿಸಿಲಿಗೆ ಬಿದ್ದಿತ್ತು. ಮರದ ಕೆಳಗಿನಿಂದ ಅದರ ತುದಿ ಕಾಣುತ್ತಿತ್ತು. ದಿನಾ ಮುಂಜಾನೆ ನಾವು ಮೊದಲು ಮಾಡುವ ಕೆಲಸ ಆ ರಾಶಿ ನೋಡುವುದು. ಕೆಂಪು ಇಳಿಯುತ್ತಿತ್ತು. ಇವತ್ತು ಇಟ್ಟಂಗಿ ಬಣ್ಣ, ನಾಳೆ ಬೆಲ್ಲದ ಬಣ್ಣ. ಒಬ್ಬಳು ಹಾಡು ಕಟ್ಟಿದಳು, ಸಾಹುಕಾರನ ಮೋರೆಯೂ ಹಾಗೇ ಬೆಳ್ಳಗಾಗಲಿ ಎಂದು. ಸಾಹುಕಾರ ದಿನಾ ಬಿಳಿ ಅಂಗಿ ಹಾಕಿಕೊಂಡು ಬಂದು, ನಮ್ಮತ್ತ ನೋಡದೆ ಒಳಗೆ ಹೋಗುತ್ತಿದ್ದ. ಅವನಿಗೆ ಸಿಟ್ಟು ಬಂದಿದ್ದರೆ ನಮಗೆ ಸಮಾಧಾನವಾಗುತ್ತಿತ್ತು. ಸಿಟ್ಟೇ ಇರಲಿಲ್ಲ.

ಒಂದು ದಿನ ರಾಣೆಬೆನ್ನೂರಿಗೆ ಹೋದವರು ಮಧ್ಯಾಹ್ನಕ್ಕೇ ತಿರುಗಿ ಬಂದರು. ಗುತ್ತಿಗೆದಾರ ಹೊಲದ ಬದುವಿನಲ್ಲೇ ತಡೆದನಂತೆ. ಬ್ಯಾಡಗಿಯ ಹೆಂಗಸರನ್ನು ತೆಗೆದುಕೊಂಡರೆ ತನ್ನ ಗುತ್ತಿಗೆ ಹೋಗುತ್ತದೆ, ಮೇಲಿನಿಂದ ಮಾತು ಬಂದಿದೆ ಎಂದನಂತೆ. ಹೇಗೆ ತಿಳಿಯಿತು. ಕೈ ನೋಡಿ ಹಿಡಿದಿರಬೇಕು ಎಂದುಕೊಂಡೆವು. ಕೈಗೆ ಬೈದೆವು, ಔಡಲೆಣ್ಣೆಗೆ ಬೈದೆವು. ಕೆಲವರು ಖೈರುನಬಿಗೂ ಬೈದರು, ಅವಳ ಕಡೆಯ ಗುತ್ತಿಗೆದಾರ ಎಂದು. ಅವಳು ತಿರುಗಿ ಬೈಯಲಿಲ್ಲ.

ಆಮೇಲೆ ಒಬ್ಬೊಬ್ಬರೇ ಸವೆಯತೊಡಗಿದೆವು. ಚನ್ನ ಹೇಳಿದ ಹಾಗೆಯೇ. ಮೊದಲು ನಗು ಹೋಯಿತು, ಆಮೇಲೆ ಹಾಡು ಹೋಯಿತು, ಆಮೇಲೆ ಜಗಳ ಬಂತು. ಜೋಳದ ರೊಟ್ಟಿ ಇದ್ದಲ್ಲಿ ಅಂಬಲಿ ಬಂತು. ನನ್ನ ಸಣ್ಣ ಮಗಳು ಖೈರುನಬಿಯ ಮನೆಯ ಒಲೆಯ ಹೊಗೆ ನೋಡಿ ಅಲ್ಲಿ ಹೋಗಿ ಕೂರುತ್ತಿದ್ದಳು. ಅಲ್ಲಿ ಒಲೆಯ ಮೇಲೆ ಬರೀ ನೀರಿತ್ತು. ಚನ್ನ ಮಾತ್ರ ದಿನಾ ಬಂದು, ಇನ್ನೊಂದೀಟು ತಡಿ ಅಕ್ಕಾ, ಅವರೂ ಸವದಾರ ಎನ್ನುತ್ತಿದ್ದ. ಹೋಳಿ ಮುಗಿದಿತ್ತು, ಬಿಸಿಲು ತಲೆ ಸೀಳುತ್ತಿತ್ತು. ಅವನು ಹೆಗಲ ಮೇಲೆ ಮಿಲಿಟರಿಯ ಹಸಿರು ಸ್ವೆಟರ್ ಹಾಕಿಕೊಂಡು ಬರುತ್ತಿದ್ದ. ಅದರ ಮೊಣಕೈಯ ತೂತು ಹೊಲಿದವಳು ನಾನೇ. ಚಳಿಜ್ವರ ಏನೋ ಬಂತೇ ಎಂದು ಕೇಳಿದೆ. ಹೂಂ, ಸಂಜೀಕ ಥಂಡಿ ಆಗ್ತೈತಿ ಎಂದ. ಸ್ವೆಟರಿಗೆ ಮೆಣಸಿನಕಾಯಿ ವಾಸನೆ ಇತ್ತು. ಊರಿಗೆ ಊರೇ ಆ ವಾಸನೆ ಹೊಡೆಯುವಾಗ ನಾನು ಅದನ್ನು ಏನೆಂದು ವಿಚಾರಿಸಲಿ.

ಕಂಡುಹಿಡಿದದ್ದು ನಾಯಿಗಳಿಂದ. ಖೈರುನಬಿ ಸ್ಟೇಷನ್ ಕಡೆ ಕಲ್ಲಿದ್ದಲ ಚೂರು ಆರಿಸಲು ಹೋಗುತ್ತಿದ್ದಳು. ಒಂದು ಮಧ್ಯಾಹ್ನ ಬಂದು ನನ್ನ ರಟ್ಟೆ ಹಿಡಿದು ಕರೆದುಕೊಂಡು ಹೋದಳು. ಕೋಲ್ಡ್ ಸ್ಟೋರೇಜಿನ ಬಾಗಿಲು ಮುಚ್ಚಿತ್ತು. ಅದರ ಕೆಳಗಿನ ಸಂದಿಗೆ ಊರ ನಾಯಿಗಳೆಲ್ಲ ಒತ್ತಿಕೊಂಡು ಮಲಗಿದ್ದವು, ಒಂದರ ಮೇಲೊಂದು. ಎದುರಿಗೇ ಮರದ ನೆರಳಿತ್ತು. ನೆರಳು ಬಿಟ್ಟು ಅವು ಬಿಸಿಲಿಗೆ ಬಂದು ಮಲಗಿದ್ದವು.

“ನಾಯಿಗೆ ಹುಚ್ಚು ಹಿಡದಿಲ್ಲ ಬೇ” ಎಂದಳು ಖೈರುನಬಿ. “ಕೈ ಇಟ್ಟು ನೋಡು.”

ನಾಯಿಗಳ ನಡುವೆ ಕೂತು ಸಂದಿಗೆ ಕೈ ಇಟ್ಟೆ. ಬಾವಿಯ ಬಾಯಿಗೆ ಕೈ ಹಿಡಿದ ಹಾಗೆ ತಂಪು. ಬಗ್ಗಿದೆ. ಒದ್ದೆ ಗೋಣಿಚೀಲದ ಆ ವಾಸನೆ ಅವತ್ತು ಮೊದಲ ಸಲ ನನ್ನ ಗಂಟಲಿಗೆ ಬಂತು. ಯಂತ್ರ ಬಂದಿತ್ತು. ಕಾಯಿ ಒಳಗಿತ್ತು. ನಾವು ಮರದ ಕೆಳಗೆ ಹಾಡು ಹೇಳುತ್ತಿದ್ದಾಗ ಲಾರಿಗಳು ಹಳ್ಳಿಗಳಿಂದ ಬಜಾರಕ್ಕೆ ಬಾರದೆ ನೇರ ಇಲ್ಲಿಗೇ ಬಂದಿದ್ದವು. ಅಂಗಳದಲ್ಲಿ ನಮ್ಮ ಕಣ್ಣಿಗೆ ಬಿಟ್ಟ ರಾಶಿ ಬೆಲೆ ಬಾರದೆಂದು ಆರಿಸಿ ಬಿಟ್ಟ ಕಾಯಿ. ನಾವು ಬಣ್ಣ ಇಳಿಯಿತು ಎಂದು ಕುಣಿದದ್ದು ಅದನ್ನು ನೋಡಿ.

ಪಕ್ಕದ ಸಣ್ಣ ಬಾಗಿಲು ತೆರೆಯಿತು. ಚನ್ನ ಹೊರಗೆ ಬಂದ. ಸ್ವೆಟರ್ ಹಾಕಿಕೊಂಡಿದ್ದ, ಗುಂಡಿಯೆಲ್ಲ ಹಾಕಿತ್ತು. ಕಾಲಲ್ಲಿ ಪಾಲಿಶ್ ಮಾಡಿದ ಬೂಟು. ನನ್ನನ್ನು ನೋಡಿ ಒಳಗೆ ಹೋಗಲಿಲ್ಲ, ಅಷ್ಟರ ಮಟ್ಟಿಗೆ ಗಂಡಸು.

ನಾನು ಕೇಳಿದೆ, “ಮಶೀನ ಬಂದಿಲ್ಲ ಅಂದಿದ್ದಿ.”

“ಬಂದಿತ್ತು.”

“ರಾಣೆಬೆನ್ನೂರಿನ ಮಂದೀಗೆ ಹೇಳಿದಾಂವ ಯಾರು?”

“ನಾನ.”

“ಅಂಗಳದಾಗಿನ ರಾಶಿ?”

ಅವನು ಬೂಟು ನೋಡಿದ. ಹಾಗೆ ಸುಳ್ಳು ರಾಶಿ ತೋರಿಸುವುದೂ ಮಿಲಿಟರಿಯಲ್ಲಿ ಕಲಿತದ್ದೇ ಇರಬೇಕು. ಬೇಹಿಗೆ ಎಂದು ಹೋದ ದಿನವೇ ಸಾಹುಕಾರ ಅವನನ್ನು ಒಳಗೆ ಕೂರಿಸಿ ಚಹಾ ಕೊಟ್ಟನಂತೆ. ಇಲ್ಲಿಯ ಕಾವಲಿಗೆ ನಿನ್ನಂಥವನೇ ಬೇಕು ಎಂದನಂತೆ. ಇದನ್ನೆಲ್ಲ ಅವನು ಕವಾಯತಿನಲ್ಲಿ ವರದಿ ಒಪ್ಪಿಸುವ ಹಾಗೆ ಹೇಳಿದ. ಆಮೇಲೆ ದನಿ ಸಣ್ಣದು ಮಾಡಿದ.

“ಇಂಥಾ ಲಡಾಯಿದಾಗ ಸಣ್ಣಾವ ಗೆದ್ದದ್ದು ನಾ ನೋಡಿಲ್ಲ ಅಕ್ಕಾ. ಯಾರ ಕಣಜ ದೊಡ್ಡದೈತಿ ಅವರ್ದ ಗೆಲುವು. ನೀವು ಉಗಾದಿ ಮಟಾ ಕುಂತ್ರೂ ಸೋಲತಿದ್ರಿ, ಅಷ್ಟರಾಗ ನಿನ್ನ ಹುಡುಗ್ಯಾರು ಒಣಗಿ ಹೋಗ್ತಿದ್ರು. ನಾ ಲಗೂ ಮುಗಿಸಿದೆ.”

“ಇದನ್ನ ಮೊದಲನೇ ದಿನ ಹೇಳಬೇಕಿತ್ತು.”

“ಮೊದಲನೇ ದಿನ ನನಗ ಈ ನೌಕರಿ ಇರ್ಲಿಲ್ಲ” ಎಂದ.

ಖರೇ ಮಾತು. ಅವನು ನನ್ನೊಂದಿಗೆ ಆಡಿದ ಕೊನೆಯ ಖರೇ ಮಾತು ಅದು. ಖೈರುನಬಿ ಅವನ ಬೂಟಿನ ಮೇಲೆ ಉಗುಳಿದಳು. ನಾನು ಉಗುಳಲಿಲ್ಲ. ಉಗುಳಿದರೆ ಸಿಟ್ಟು ಅಲ್ಲಿಗೇ ಇಳಿಯುತ್ತದೆ. ನನಗೆ ಇಳಿಸುವುದು ಬೇಕಾಗಿರಲಿಲ್ಲ.

ಆ ವಾರವೇ ಎಲ್ಲರೂ ತಿರುಗಿ ಕೆಲಸಕ್ಕೆ ಹೋದೆವು. ಯಾರೂ ಕರೆಯಲಿಲ್ಲ, ನಾವೇ ಹೋದೆವು. ಕೋಲ್ಡ್ ಸ್ಟೋರೇಜಿನಿಂದ ಬಂದ ಚೀಲ ಬಿಚ್ಚಿ ಸುರಿದರು. ನಿನ್ನೆ ಗಿಡದಿಂದ ಕಿತ್ತ ಹಾಗೆ ಕೆಂಪಗಿತ್ತು ಕಾಯಿ. ಬೆರಳಿಗೆ ತಣ್ಣಗೆ ಹತ್ತಿ ಆಮೇಲೆ ಉರಿಯಿತು.

ಸಂಜೆ ಗೇಟಿನಲ್ಲಿ ಫಕ್ಕೀರಪ್ಪ ಇರಲಿಲ್ಲ. ಅವನಿದ್ದರೆ ಹೆಂಗಸರು ಮತ್ತೆ ಎದ್ದಾರು, ಅವರ ಪೈಕಿಯವನೇ ಒಬ್ಬ ನಿಂತರೆ ಬಾಯಿ ಮುಚ್ಚಿಕೊಂಡು ಹೋಗುತ್ತಾರೆ ಎಂದು ಸಾಹುಕಾರ ಲೆಕ್ಕ ಹಾಕಿದ್ದ. ಚನ್ನ ನಿಂತಿದ್ದ. ಸಾಲು ಮುಂದೆ ಹೋಯಿತು. ಒಬ್ಬೊಬ್ಬಳೇ ನಿಂತು ಉಡಿ ಬಿಚ್ಚಿ ಝಾಡಿಸಿದಳು. ಖೈರುನಬಿ ಝಾಡಿಸಿ, ಸಲಾಂ ಹವಾಲ್ದಾರ ಸಾಬ್ ಎಂದು ಹೋದಳು. ನನ್ನ ಪಾಳಿ ಬಂತು.

“ನೀ ಹೋಗಕ್ಕಾ” ಎಂದು ಅವನು ಪಕ್ಕಕ್ಕೆ ಸರಿದ.

ನಾನು ಸರಿಯಲಿಲ್ಲ. “ಎಲ್ಲಾರ ಉಡಿ ನೋಡೀದಿ. ನಂದೂ ನೋಡು” ಎಂದೆ.

ಅವನು ಆಕಾಶ ನೋಡಿದ. ಹಿಂದಿನವರು ಕಾಯುತ್ತಿದ್ದರು. ಅವನು ತಿರುಗಿ ನೋಡುವವರೆಗೂ ನಾನು ನಿಂತೇ ಇದ್ದೆ. ನೋಡಿದ ಮೇಲೆ ಗಂಟು ಬಿಚ್ಚಿದೆ, ಎರಡೂ ಕೈಯಿಂದ ಸೆರಗು ಹಿಡಿದು ಅವನ ಮುಂದೆ ಝಾಡಿಸಿದೆ. ನಾಲ್ಕು ಮೆಣಸಿನ ಬೀಜ ಅವನ ಬೂಟಿನ ಮೇಲೆ ಬಿದ್ದವು.

ಝಡತಿ ಆಮೇಲೆ ಎಷ್ಟೋ ಕಾಲ ನಡೆಯಿತು. ನಿಂತಾಗ ಯಾರೂ ಗೆದ್ದು ನಿಂತದ್ದಲ್ಲ, ಗೇಟಿನಲ್ಲಿ ನಿಲ್ಲಲು ಆಳು ಸಿಗದೆ ನಿಂತದ್ದು. ಚನ್ನ ಎರಡು ಸುಗ್ಗಿ ಕಾವಲು ಮಾಡಿದ. ಮೂರನೆಯದಕ್ಕೆ ಅವನ ಕಾಲು ನೆಪ ಮಾಡಿ ಬಿಡಿಸಿದರು. ಗುತ್ತಲದ ಹೊಲಕ್ಕೆ ತಿರುಗಿ ಹೋದ.

ಗುತ್ತಲಕ್ಕೆ ತಿರುಗಿದ ವರ್ಷದ ಪಂಚಮಿಗೆ ಅವನು ಉಡಿ ತುಂಬಲು ಬಂದ. ಸಣ್ಣ ಮಳೆ ಹತ್ತಿತ್ತು. ಅಕ್ಕಿ, ಕೊಬ್ಬರಿ, ಹಸಿರು ಖಣ, ಎಲ್ಲ ತಂದಿದ್ದ. ತವರಿನ ಉಡಿ ಬೇಡ ಎನ್ನುವ ಹಾಗಿಲ್ಲ. ಮಣೆ ಹಾಕಿದೆ, ಕೂತೆ, ಸೆರಗು ಒಡ್ಡಿದೆ. ಹೆಂಗಸರು ತುಂಬುವುದು ವಾಡಿಕೆ, ತಮ್ಮನಿಗೆ ಹೆಂಡತಿ ಇರಲಿಲ್ಲ, ಅವನೇ ಹಾಕಿದ. ಹಾಕಿ ಮುಗಿದ ಮೇಲೆ ಎದ್ದು ಹೊಸ್ತಿಲಿಗೆ ಬಂದು, ಅವನ ಮುಂದೆಯೇ, ಗೇಟಿನಲ್ಲಿ ಝಾಡಿಸಿದ ಹಾಗೆ ಝಾಡಿಸಿದೆ. ಅಕ್ಕಿ ಅಂಗಳದ ತುಂಬ ಬಿತ್ತು. ಖೈರುನಬಿಯ ಕೋಳಿಗಳು ಗೋಡೆ ಹಾರಿ ಬಂದವು. ಅವನು ಖಣ ಎತ್ತಿ, ಕೆಸರು ಒರೆಸಿ, ಕಟ್ಟೆಯ ಮೇಲೆ ಇಟ್ಟು ಹೋದ.

ಮರುವರ್ಷವೂ ಬಂದ. ಅದರ ಮರುವರ್ಷವೂ. ಗುತ್ತಲದಿಂದ ಹಾವೇರಿ, ಹಾವೇರಿಯಿಂದ ಬ್ಯಾಡಗಿ, ಎರಡು ಬಸ್ಸು, ಸೊಟ್ಟ ಕಾಲು. ಅವನು ತುಂಬುವುದು, ನಾನು ಝಾಡಿಸುವುದು. ಹಾದಿ ಹಿಡಿದು ಕೂರುವುದು ಹೇಗೆ ಎಂದು ಅವನಿಗೆ ಗೊತ್ತಿತ್ತು, ನನಗೂ ಅವನೇ ಕಲಿಸಿದ್ದ. ಓಣಿಯ ಹೆಂಗಸರು, ಸಾಕು ಮಾಡೇ ಗಂಗವ್ವ, ಬೆನ್ನಿಗೆ ಬಿದ್ದವನು ಎಂದರು. ನಾನು ಸಾಕು ಮಾಡಲಿಲ್ಲ. ಅವನೂ ಮಾಡಲಿಲ್ಲ. ಪಂಚಮಿ ಬಂತೆಂದರೆ ಖೈರುನಬಿ ಹಿಂದಿನ ದಿನವೇ ತನ್ನ ಕೋಳಿಗಳಿಗೆ ಕಾಳು ಹಾಕುವುದನ್ನು ನಿಲ್ಲಿಸುತ್ತಿದ್ದಳು.

ಒಂದು ವರ್ಷ ಅವನು ಬರಲಿಲ್ಲ. ಮುಂಜಾನೆಯ ಬಸ್ಸು ಹೋಯಿತು, ಮಧ್ಯಾಹ್ನದ ಬಸ್ಸೂ ಹೋಯಿತು. ಮಣೆ ಹಾಕಿಯೇ ಇತ್ತು. ನಾನು ಅದರ ಮೇಲೆ ಸೆರಗು ಒಡ್ಡಿಕೊಂಡು ಕೂತಿದ್ದೆ. ಕೋಳಿಗಳು ಬಂದು ಅಂಗಳದಲ್ಲಿ ನಿಂತು ನಿಂತು ಬೇಸತ್ತು ಹೋದವು. ಸಂಜೆ ಗುತ್ತಲದ ಕಡೆಯವನೊಬ್ಬ ಬಂದು ಚನ್ನ ತೀರಿದ ಸುದ್ದಿ ಹೇಳಿದ.

ಎದ್ದೆ. ಹೊಸ್ತಿಲಿಗೆ ಹೋದೆ. ಉಡಿಯಲ್ಲಿ ಏನೂ ಇರಲಿಲ್ಲ. ಝಾಡಿಸಿ ಒಳಗೆ ಬಂದೆ.